ತಂತಿ ಕಳ್ಳರು

ಕಳೆದ ಕಕ್ಕಡ ತಿಂಗಳ ಮಳೆಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನಮ್ಮ ಫಿಸಿಕ್ಸ್ ಸರ್ ತೀರಿಕೊಂಡರು. ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಅವರ ಕೊಡೆ. ಉದ್ದ ಹಿಡಿಯ ಕಪ್ಪು ಕೊಡೆ. ಅದನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿ, ಎರಡೂ ಕೈ ಸ್ವೆಟರಿನ ಜೇಬಿಗೆ ತುರುಕಿಕೊಂಡು ಗುಡ್ಡ ಹತ್ತಿ ಬರುತ್ತಿದ್ದರು. ಬೋರ್ಡಿನ ಮೇಲೆ ಬರೆಯುವಾಗಲೂ ಎಷ್ಟೋ ಸಲ ಕೊಡೆ ಬೆನ್ನ ಮೇಲೇ ನೇತಾಡುತ್ತಿತ್ತು. ನೀರು ತೊಟ್ಟಿಕ್ಕಿ ಅವರ ಹಿಂದೆ ಸಣ್ಣ ಕೆರೆಯಾಗುತ್ತಿತ್ತು. ನಾವು ಮುಸಿಮುಸಿ ನಗುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಮ್ಯಾಗಜೀನಿಗೆ ಎರಡು ಪುಟ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ಸರ್ ಪಾಠದ ಬಗ್ಗೆಯೇ ಬರೆಯೋಣ ಅಂತ ಕೂತೆ. ಲೆನ್ಸು, ಮ್ಯಾಗ್ನೆಟ್ಟು ಎಲ್ಲ ತಲೆಯಿಂದ ತೊಳೆದುಹೋಗಿದೆ. ಉಳಿದಿರುವುದು ತಂತಿಯ ಸ್ವರ ಅಳೆಯುವ ಸೋನೋಮೀಟರ್ ಒಂದೇ. ಉಳಿಯದೆ ಏನು, ಅದರ ತಂತಿ ಕದ್ದವರಲ್ಲಿ ನಾನೂ ಒಬ್ಬ.

1991ರ ಮಳೆಗಾಲ. ಮಡಿಕೇರಿ. ಸೆಕೆಂಡ್ ಪಿಯು. ನಮ್ಮ ಹಾಸ್ಟೆಲಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರೇ ಹೆಸರು. ನಮ್ಮ ರೂಮಿನಲ್ಲಿ ನಾಪೋಕ್ಲು, ಶನಿವಾರಸಂತೆ, ಮತ್ತೆ ನಾನು, ಸಿದ್ದಾಪುರ. ಹೊರಗೆ ಜಡಿಮಳೆ. ಒಗೆದ ಪ್ಯಾಂಟು ವಾರವಾದರೂ ಒಣಗುತ್ತಿರಲಿಲ್ಲ. ಕರೆಂಟ್ ಹೋದರೆ ಹೋಯಿತು, ಮತ್ತೆ ಬರುವುದು ದೇವರಿಗೇ ಗೊತ್ತು. ಮಾಡಲು ಬೇರೆ ಕೆಲಸ ಇಲ್ಲದೆ ಜಗಳ ಆಡುತ್ತಿದ್ದೆವು. ವಿಷಯ ದಿನಾ ಒಂದೇ: ಇದುವರೆಗೆ ಗಿಟಾರ್ ಹಿಡಿದವರಲ್ಲೆಲ್ಲ ದೊಡ್ಡವನು ಯಾರು?

ನಾಪೋಕ್ಲುವಿನ ಮಾವ ಮಿಲಿಟರಿಯಲ್ಲಿದ್ದರು. ರಜೆಗೆ ಬಂದಾಗ ಕ್ಯಾಸೆಟ್ ತರುತ್ತಿದ್ದರು. ನಮ್ಮ ಪಾಶ್ಚಾತ್ಯ ಸಂಗೀತದ ಜ್ಞಾನವೆಲ್ಲ ಹದಿನಾಲ್ಕು ಕ್ಯಾಸೆಟ್ ಅಷ್ಟೇ. ಮಳೆಗೆ ಅವಕ್ಕೆ ಬೂಷ್ಟು ಹಿಡಿಯುತ್ತಿತ್ತು. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡ ಕೂಡಲೇ ಓಡಿಹೋಗಿ ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಲಗೆಯ ಮೇಲೆ ಇಡುವುದು. ಅಲ್ಲಿ ಒಣಮೀನಿನ ಪಕ್ಕದಲ್ಲಿ ಜಿಮಿ ಹೆಂಡ್ರಿಕ್ಸ್ ಬೆಚ್ಚಗೆ ಕೂತಿರುತ್ತಿದ್ದ. ಆಮೇಲೆ ಪೆನ್ಸಿಲ್ ತೂರಿಸಿ ಎರಡು ಸಲ ಸುತ್ತಿ ಕೇಳಬೇಕು. ಹಾಡಿಗೂ ಸ್ವಲ್ಪ ಮೀನಿನ ವಾಸನೆ ಇರುತ್ತಿತ್ತು ಅಂದರೆ ನನ್ನ ಮಗಳು ನಂಬುವುದಿಲ್ಲ.

ನಾನು ಹೆಂಡ್ರಿಕ್ಸ್ ಕಡೆ. ಎಡಗೈಯವನು. ಬಲಗೈಯವರ ಗಿಟಾರನ್ನೇ ತಲೆಕೆಳಗು ಮಾಡಿ, ತಂತಿ ಬದಲಿಸಿ ನುಡಿಸಿದವನು. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್‌ನಲ್ಲಿ ಅಮೆರಿಕದ ರಾಷ್ಟ್ರಗೀತೆ ನುಡಿಸುತ್ತಾ ನಡುವೆ ಬಾಂಬು ಬೀಳುವ ಸದ್ದನ್ನೂ ಗಿಟಾರಿನಲ್ಲೇ ತೆಗೆದವನು. ಮರುವರ್ಷ ಸತ್ತಾಗ ಬರೀ 27 ವಯಸ್ಸು. ಇಷ್ಟು ಸಾಲದಾ?

ನಾಪೋಕ್ಲುವಿಗೆ ಸಾಲದು. ಅವನು ಮಾರ್ಕ್ ನಾಫ್ಲರ್ ಕಡೆ. ನಾಫ್ಲರ್ ಕೂಡ ಹುಟ್ಟಾ ಎಡಗೈಯವನೇ. ಆದರೆ ಗಿಟಾರನ್ನು ತಿರುಗಿಸಲು ಹೋಗಲಿಲ್ಲ, ತಾನೇ ಬಲಗೈಯಲ್ಲಿ ಕಲಿತ. ಪಿಕ್ ಇಲ್ಲ, ಬರೀ ಬೆರಳು. 'ನಿನ್ನ ಹೆಂಡ್ರಿಕ್ಸ್ 1967ರಲ್ಲಿ ಸ್ಟೇಜಿನ ಮೇಲೇ ಗಿಟಾರಿಗೆ ಬೆಂಕಿ ಇಟ್ಟವನು ಮಾರಾಯ. ನಾವು ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವವರು. ಕೈಯಲ್ಲಿದ್ದ ವಾದ್ಯ ಸುಡುವವನು ದೊಡ್ಡವನಾ?' ಅನ್ನುತ್ತಿದ್ದ. ಇದಕ್ಕೆ ನನ್ನ ಹತ್ತಿರ ಅವತ್ತೂ ಉತ್ತರ ಇರಲಿಲ್ಲ, ಇವತ್ತೂ ಇಲ್ಲ.

ಶನಿವಾರಸಂತೆ ಜಾಸ್ತಿ ಮಾತಾಡುತ್ತಿರಲಿಲ್ಲ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಟೋನಿ ಅಯೋಮಿ ಅಂದುಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ.

ನಾಪೋಕ್ಲುವಿನ ಹತ್ತಿರ ಒಂದು ಅಗ್ಗದ ಗಿಟಾರ್ ಇತ್ತು. ಜುಲೈಯಲ್ಲಿ ಒಂದು ರಾತ್ರಿ ಅದರ ಎಲ್ಲಕ್ಕಿಂತ ತೆಳ್ಳನೆಯ ತಂತಿ ತುಂಡಾಯಿತು. ಹೊಸದು ಬೇಕಂದರೆ ಮೈಸೂರು, ಹತ್ತಿರ ಹತ್ತಿರ 120 ಕಿಲೋಮೀಟರ್. ರಸ್ತೆಗೆ ಮರ ಬಿದ್ದು ಬಸ್ಸೇ ಇಲ್ಲ. ಆಗ ನನ್ನ ತಲೆಗೆ ಹೊಳೆಯಿತು, ಲ್ಯಾಬಿನಲ್ಲಿ ಸೋನೋಮೀಟರ್ ಇದೆಯಲ್ಲ! ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಬಿಗಿದ ಉಕ್ಕಿನ ತಂತಿ, ತುದಿಯಲ್ಲಿ ತೂಕದ ಬೊಟ್ಟು. ಟ್ಯೂನಿಂಗ್ ಫೋರ್ಕ್ ಬಡಿದು ಪೆಟ್ಟಿಗೆಯ ಮೇಲೆ ಇಟ್ಟಾಗ ಎರಡರ ಸ್ವರ ಒಂದಾದರೆ ತಂತಿಯ ಮೇಲೆ ಕೂರಿಸಿದ ಕಾಗದದ ಚೂರು ಹಾರಿ ಬೀಳುತ್ತದೆ. ಮಾರನೇ ದಿನ ಪ್ರಾಕ್ಟಿಕಲ್ ಮುಗಿದ ಮೇಲೆ ಶನಿವಾರಸಂತೆ ಬಾಗಿಲಲ್ಲಿ ನಿಂತ. ನಾಪೋಕ್ಲು ತೂಕ ಇಳಿಸಿದ. ನಾನು ತಂತಿ ಸುತ್ತಿ ಟೋಪಿಯೊಳಗೆ ಇಟ್ಟುಕೊಂಡೆ.

ರಾತ್ರಿ ಲಾಟೀನಿನ ಬೆಳಕಿನಲ್ಲಿ ಕಟ್ಟಿದೆವು. ಗಿಟಾರಿನ ಕಿವಿ ತಿರುಪುತ್ತಾ ಹೋದೆವು. ಸ್ವರ ಮೇಲೇರುತ್ತಿಲ್ಲ. ಇನ್ನೂ ತಿರುಪಿದೆವು. ಇನ್ನೂ. ಢಂ ಅಂತ ಒಂದು ಸದ್ದು! ಗಿಟಾರಿನ ಹೊಟ್ಟೆಗೆ ಅಂಟಿಸಿದ್ದ ಮರದ ಪಟ್ಟಿ ಕಿತ್ತು ಹಾರಿ ಲಾಟೀನಿನ ಗಾಜಿಗೆ ಬಡಿಯಿತು. ಯಾರೋ ಕೋವಿ ಹೊಡೆದರು ಅಂತ ವಾರ್ಡನ್ ಲುಂಗಿ ಎತ್ತಿಕಟ್ಟಿಕೊಂಡು ಓಡಿಬಂದರು. ಕೊಡಗಿನಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ, ಕೋವಿ ನಿಜವಾಗಿಯೂ ಎಷ್ಟೋ ಮನೆಗಳಲ್ಲಿ ಇದೆ.

ಬೆಳಿಗ್ಗೆ ಸರ್ ಎದುರು ನಿಂತೆವು. ಅವರು ಬೈಯಲಿಲ್ಲ. ಮುರಿದ ಗಿಟಾರ್ ನೋಡಿದರು, ತಂತಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. 'ಎಂತ ಮಾರಾಯ, ಇದು ನಿಮ್ಮ ತಂತಿಗಿಂತ ಎರಡು ಪಟ್ಟು ದಪ್ಪ' ಅಂದರು. ದಪ್ಪ 2 ಪಟ್ಟಾದರೆ ತೂಕ 4 ಪಟ್ಟು. ಅಷ್ಟೇ ಉದ್ದದಲ್ಲಿ ಅದೇ ಸ್ವರ ಬರಬೇಕಾದರೆ ಎಳೆತವೂ 4 ಪಟ್ಟು ಬೇಕು. 7 ಕಿಲೋ ಎಳೆಯುವ ಜಾಗದಲ್ಲಿ 28 ಕಿಲೋ. 'ಪಟ್ಟಿ ಹಾರದೆ ಇನ್ನೇನಾಗುತ್ತದೆ? ಮೊನ್ನೆ ತಾನೇ ಬೋರ್ಡಿನ ಮೇಲೆ ಬರೆದಿದ್ದೆನಲ್ಲ!' ತಂತಿಯ ಬೆಲೆ 6 ರೂಪಾಯಿ ದಂಡ. ಇನ್ನೊಂದು ಶಿಕ್ಷೆ ವಿಚಿತ್ರದ್ದು. ಶನಿವಾರದ ಸಭೆಯಲ್ಲಿ ಇದೇ ಜಗಳವನ್ನು ಕನ್ನಡದಲ್ಲಿ, ಎಲ್ಲರ ಮುಂದೆ ಆಡಬೇಕು. ಆದರೆ ತನ್ನವನ ಪರ ಯಾರೂ ಮಾತಾಡುವಂತಿಲ್ಲ. ಇನ್ನೊಬ್ಬನವನ ಪರ ಮಾತಾಡಬೇಕು, ಅವನ ಹತ್ತಿರವೇ ಕೂತು ಕೇಳಿ ತಿಳಿದು.

ನನ್ನ ಪಾಲಿಗೆ ಅಯೋಮಿ ಬಂದ. ಮೂರು ರಾತ್ರಿ ಶನಿವಾರಸಂತೆಯ ಹಾಸಿಗೆಯ ತುದಿಯಲ್ಲಿ ಕೂತೆ. ಎರಡು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಗಡಿನ ಕಾರ್ಖಾನೆ. ಹುಡುಗನಿಗೆ 17. ಕೆಲಸ ಬಿಡುವ ಕೊನೆಯ ದಿನ ಮೆಷಿನ್ ಅವನ ಬಲಗೈಯ ನಡುಬೆರಳು, ಉಂಗುರ ಬೆರಳುಗಳ ತುದಿ ಕತ್ತರಿಸಿತು. ಅವನೂ ಎಡಗೈಯವನು, ಅಂದರೆ ತಂತಿ ಒತ್ತುವ ಕೈಯೇ ಅದು. ಕಾರ್ಖಾನೆಯ ಮೇಲಿನವರೊಬ್ಬರು ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ಕೇಳಿಸಿದರು. 1928ರಲ್ಲಿ ಬೆಂಕಿಯಲ್ಲಿ ಸುಟ್ಟು ಎಡಗೈಯ ಎರಡು ಬೆರಳು ಸೊಟ್ಟಗಾದ ಮೇಲೂ ನುಡಿಸಿದವನು ಜಾಂಗೋ. ಅದನ್ನು ಕೇಳಿ ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ತೆಳು ತಂತಿ ಹಾಕಿಕೊಂಡ. ಆಮೇಲೆ ತಂತಿಗಳನ್ನು ಸಡಿಲ ಬಿಟ್ಟ. ಎಳೆತ ಕಡಿಮೆಯಾದರೆ ಸ್ವರ ಕೆಳಗಿಳಿಯುತ್ತದೆ, ಸರ್ ಹೇಳಿದ್ದೇ ಪಾಠ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್‌ನ ಆ ಭಾರವಾದ, ನೆಲ ನಡುಗಿಸುವ ದನಿಯಲ್ಲಿ ಈ ಸಡಿಲ ತಂತಿಯ ಪಾಲೂ ಇದೆ.

ಶನಿವಾರ ನಾನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನಿನಿಂದ ಶುರು ಮಾಡಿದೆ. ಬೆಲ್ಟಿಗೋ ಅಕ್ಕಿ ಗಿರಣಿಗೋ ಬೆರಳು ಕೊಟ್ಟವರು ಈ ಸಭೆಯಲ್ಲಿರುವ ಪ್ರತಿಯೊಬ್ಬರ ಊರಿನಲ್ಲೂ ಇದ್ದಾರೆ ಅಂದೆ. ಗಲಾಟೆ ನಿಂತಿತು. ಮುಂದಿನದು ಸಲೀಸು. ಮೊದಲ ಬಹುಮಾನ ನನಗೇ ಬಂತು, ಒಂದು ಸ್ಟೀಲ್ ಲೋಟ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನಾನು ಇವತ್ತು ನಾಲ್ಕು ಜನರ ಮುಂದೆ ನಿಂತು ಮಾತಾಡಿ ಅನ್ನ ತಿನ್ನುತ್ತಿರುವುದು ಆ ಲೋಟದ ದೆಸೆಯಿಂದಲೇ.

ಲೋಟಕ್ಕಿಂತ ದೊಡ್ಡ ಬಹುಮಾನ ರಾತ್ರಿ ಊಟಕ್ಕೆ ಸಿಕ್ಕಿತು. ಹಾಸ್ಟೆಲಿನ ಅಡುಗೆಯಣ್ಣನ ಬಲಗೈ ತೋರುಬೆರಳು ಅರ್ಧ ಇರಲಿಲ್ಲ. ಎರಡು ವರ್ಷ ಆ ಕೈಯಿಂದ ಉಂಡಿದ್ದೆವು, ಹೇಗೆ ಹೋಯಿತು ಅಂತ ಯಾರೂ ಕೇಳಿರಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಅಕ್ಕಿರೊಟ್ಟಿ ಹಾಕಿ, ಬಗ್ಗಿ ಮೆಲ್ಲಗೆ ಕೇಳಿದರು: 'ಆ ಬಾಟಲಿ ಎಂಥದ್ದಂತೆ? ಬಿಸಿಗೆ ಮತ್ತೆ ಕರಗುವುದಿಲ್ವಾ?'

ಸೋಮವಾರ ಸರ್ ತಮ್ಮ ಟೇಪ್ ರೆಕಾರ್ಡರ್ ಹೊತ್ತು ತಂದರು. ಸಿಲಬಸ್ ಪಕ್ಕಕ್ಕೆ. ಕಾಶ್ಮೀರದ ಕುರಿ ಕಾಯುವವನ ಒಂದು ದಿನವನ್ನು ಸಂತೂರ್, ಕೊಳಲು, ಗಿಟಾರ್ ಹೇಳುವ 1967ರ ರೆಕಾರ್ಡ್. ಗಿಟಾರ್ ಬ್ರಿಜ್ ಭೂಷಣ್ ಕಾಬ್ರಾ ಅವರದ್ದು. ಗಿಟಾರನ್ನು ಮಲಗಿಸಿ, ಬೆರಳಿನಿಂದ ತಂತಿ ಒತ್ತುವ ಬದಲು ಉಕ್ಕಿನ ತುಂಡು ಜಾರಿಸಿ ರಾಗ ತೆಗೆಯುತ್ತಾರೆ. ನಮ್ಮ ಮೂವರ ಪಟ್ಟಿಯಲ್ಲಿ ಆ ಹೆಸರು ಇರಲೇ ಇಲ್ಲ. 'ಇವರೇ ದೊಡ್ಡವರಾ ಸರ್?' ಅಂದ ನಾಪೋಕ್ಲು. ಸರ್ ಟೇಪ್ ತಿರುಗಿಸಿ ಹಾಕಿದರು, ಅಷ್ಟೇ. 1994ರಲ್ಲಿ ಜೈಪುರದ ವಿಶ್ವಮೋಹನ್ ಭಟ್ಟರ ಮೋಹನ ವೀಣೆಗೆ (ಅದೂ ಹಾಗೇ ಮಲಗಿಸಿ ನುಡಿಸುವ ಗಿಟಾರೇ) ಗ್ರ್ಯಾಮಿ ಬಂದಾಗ ನನಗೊಂದು ಕಾರ್ಡ್ ಬರೆದಿದ್ದರು. 'ನಿನ್ನ ಪಟ್ಟಿಗೆ ಇನ್ನೊಬ್ಬರು' ಅಂತ ಒಂದೇ ಸಾಲು.

ನನ್ನ ಮಗಳು ಈಗ ಪಿಯು ಓದುತ್ತಿದ್ದಾಳೆ. ರೆಕಾರ್ಡ್ ಪುಸ್ತಕ ಮುತ್ತಿನಂತಿದೆ. ಸೋನೋಮೀಟರ್ ಮುಟ್ಟಿದ್ದೀಯಾ ಅಂದರೆ, 'ಅದು ಸಿಇಟಿಗೆ ಹಾಗೆಲ್ಲ ಬರಲ್ಲ ಅಪ್ಪ' ಅನ್ನುತ್ತಾಳೆ. ಅವರ ಲ್ಯಾಬಿನ ತಂತಿ ಭದ್ರವಾಗಿರಬೇಕು, ಕದಿಯಲು ಯಾರಿಗೂ ಪುರುಸೊತ್ತಿಲ್ಲ. ದೊಡ್ಡ ಗಿಟಾರಿಸ್ಟ್ ಯಾರು ಅಂತ ಕೇಳಿದರೆ ಫೋನ್ ತೋರಿಸುತ್ತಾಳೆ. ರೋಲಿಂಗ್ ಸ್ಟೋನ್ ಪತ್ರಿಕೆ 2003, 2011, 2023ರಲ್ಲಿ ಪಟ್ಟಿ ಮಾಡಿತು, ಮೂರು ಸಲವೂ ಹೆಂಡ್ರಿಕ್ಸೇ ಮೊದಲು. ಮೂರು ಸಲವೂ ನಾನು ಅದನ್ನು ನಾಪೋಕ್ಲುವಿಗೆ ಕಳಿಸಿದ್ದೇನೆ.

ಹನ್ನೊಂದನೇ ದಿನ ಮೂವರೂ ಸರ್ ಮನೆಗೆ ಹೋದೆವು. ಕೊಡೆ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಸರ್ ಮನೆಯವರು ಕಾಫಿ ಕೊಟ್ಟು, ಒಬ್ಬೊಬ್ಬರ ಮುಖ ನೋಡಿ, 'ನೀವೇನಾ ಆ ತಂತಿ ಕಳ್ಳರು?' ಅಂದರು. ಹೂಂ ಅಂದೆವು. 'ಕೊನೆಗೆ ಯಾರು ಅಂತ ತೀರ್ಮಾನ ಆಯ್ತಾ?' ಶನಿವಾರಸಂತೆ ಗೋಡೆ ನೋಡಿದ. ನಾಪೋಕ್ಲು ಗಂಟಲು ಸರಿಮಾಡಿಕೊಂಡ. ಕತ್ತಲಾಗುವವರೆಗೆ ಅಲ್ಲಿಂದ ಏಳಲಿಲ್ಲ.

ಅಂದ ಹಾಗೆ ಆ 6 ರೂಪಾಯಿ ದಂಡ ಕಟ್ಟಿದ್ದು ನಾನು. ಶನಿವಾರಸಂತೆ ತನ್ನ ಪಾಲು ಅದೇ ವಾರ ಕೊಟ್ಟ. ನಾಪೋಕ್ಲುವಿನ 2 ರೂಪಾಯಿ ಇನ್ನೂ ಬಂದಿಲ್ಲ. ಈ ಮ್ಯಾಗಜೀನ್ ಅವನ ಮನೆಗೂ ಹೋಗುತ್ತದೆ ಅಂತ ಸಂಪಾದಕರು ಹೇಳಿದ್ದಾರೆ.