ಹುಡುಗ್ರಿಗೆ ಒಂದ್ ಥರ ದೊಡ್ಡೋರಿಗೆ ಒಂದ್ ಥರ ಪಾಠ ಅಂತಾರೆ, ವರ್ಕ್‌ಶಾಪಲ್ಲಿ ಹಂಗೆ ನಡೆಯಲ್ಲ

ನಾನು ಐಟಿಐಲಿ ಎಲೆಕ್ಟ್ರಿಷಿಯನ್ ಟ್ರೇಡ್ ಇನ್‌ಸ್ಟ್ರಕ್ಟರು. ಬೆಳಗ್ಗೆ ಎಸ್ಸೆಸ್ಸೆಲ್ಸಿ ಮುಗಿಸ್ಕೊಂಡು ಬಂದಿರೋ ಹದಿನಾರು ಹದಿನೇಳರ ಹುಡುಗ್ರು, ಎರಡು ವರ್ಷದ ಕೋರ್ಸು. ಸಂಜೆ ಶಾರ್ಟ್ ಟರ್ಮ್ ಬ್ಯಾಚು, ಅಲ್ಲಿಗೆ ಬರೋರೆಲ್ಲ ಸುತ್ತಮುತ್ತ ಊರಲ್ಲಿ ವೈರಿಂಗ್ ಮಾಡ್ಕೊಂಡಿರೋರು, ಪರ್ಮಿಟ್ ಪರೀಕ್ಷೆಗೋ ಸರ್ಟಿಫಿಕೇಟಿಗೋ ಅಂತ ಬರ್ತಾರೆ, ಕೆಲವರು ವಯಸ್ಸಲ್ಲಿ ನನಗಿಂತ ದೊಡ್ಡೋರು. ಬೋರ್ಡು ಅದೇ, ಪಾಠಾನೂ ಹೆಚ್ಚುಕಮ್ಮಿ ಅದೇ.

ಇನ್‌ಸ್ಟ್ರಕ್ಟರ್ ಟ್ರೈನಿಂಗ್ ತಗೊಂಡೋರಿಗೆಲ್ಲ ನಾಲ್ಕು ಹಂತದ ಮೆಥಡ್ ಗೊತ್ತಿರುತ್ತೆ, ಮೊದ್ಲು ಮನಸ್ಸು ತಯಾರು ಮಾಡೋದು, ಆಮೇಲೆ ಮಾಡಿ ತೋರಿಸೋದು, ಅವರ ಕೈಲಿ ಮಾಡಿಸೋದು, ಕೊನೇಗೆ ಚೆಕ್ ಮಾಡೋದು. ಮೊದಲನೇ ಮಹಾಯುದ್ಧದ ಟೈಮಲ್ಲಿ ಅಮೆರಿಕದಲ್ಲಿ ಹಡಗು ಕಟ್ಟೋ ಕೆಲಸಕ್ಕೆ ಹೊಸಬ್ರನ್ನ ಬೇಗ ರೆಡಿ ಮಾಡ್ಬೇಕಿತ್ತು, ಆಗ ಚಾರ್ಲ್ಸ್ ಅಲೆನ್ ಅನ್ನೋರು ರೂಢಿಗೆ ತಂದಿದ್ದು ಇದು. ಇನ್ನೊಂದು ಅಮೆರಿಕದ ವಯಸ್ಕರ ಶಿಕ್ಷಣ ತಜ್ಞ ಮಾಲ್ಕಮ್ ನೋಲ್ಸ್ ಹೇಳಿದ್ದು, ದೊಡ್ಡೋರು ಅನುಭವ ಹೊತ್ಕೊಂಡೇ ಕ್ಲಾಸಿಗೆ ಬರ್ತಾರೆ, ಯಾಕೆ ಕಲೀಬೇಕು ಅಂತ ಮೊದ್ಲು ಕೇಳ್ತಾರೆ, ಆದ್ರಿಂದ ಅವರಿಗೆ ಸಮಸ್ಯೆ ಕೊಟ್ಟು ಅಲ್ಲಿಂದ ಪಾಠ ಶುರು ಮಾಡಿ ಅಂತ. ಸರಿ, ಬೆಳಗ್ಗೆ ಅಲೆನ್ ಸಂಜೆ ನೋಲ್ಸ್ ಅಂದ್ಕೊಂಡ್ರೆ ಟೈಮ್‌ಟೇಬಲ್ ಚೆನ್ನಾಗಿ ಕಾಣುತ್ತೆ.

ಸಂಜೆ ಬ್ಯಾಚಲ್ಲಿ ಇದು ಹೆಂಗೆ ನಡೀತು ಹೇಳ್ತೀನಿ. ಆರ್‌ಸಿಸಿಬಿ ಪಾಠ, ಅಂದ್ರೆ ಹೋದ ಕರೆಂಟಿಗೂ ವಾಪಸ್ ಬಂದಿದ್ದಕ್ಕೂ ವ್ಯತ್ಯಾಸ ಬಂದ್ರೆ ಲೈನ್ ಕಡಿಯೋ ಸ್ವಿಚ್ಚು. ನಾನೇನೂ ಹೇಳ್ದೆ ಬೋರ್ಡಲ್ಲಿ ಒಂದು ಫಾಲ್ಟ್ ಇಟ್ಟು ಕೊಟ್ಟೆ, ಎರಡು ಆರ್‌ಸಿಸಿಬಿ ಇವೆ, ಒಂದರ ಫೇಸ್ ತಗೊಂಡಿರೋ ಪ್ಲಗ್ ಪಾಯಿಂಟಿನ ನ್ಯೂಟ್ರಲ್ಲು ಇನ್ನೊಂದರ ನ್ಯೂಟ್ರಲ್ ಲಿಂಕಿಗೆ, ಅಂದ್ರೆ ನ್ಯೂಟ್ರಲ್ ವೈರುಗಳೆಲ್ಲ ಸೇರೋ ಪಟ್ಟಿಗೆ ಹೋಗಿದೆ. ಇಸ್ತ್ರಿಪೆಟ್ಟಿಗೆ ಆನ್ ಮಾಡಿದ ತಕ್ಷಣ ಟ್ರಿಪ್ಪು. ಒಬ್ರು ಹಿರಿಯರು ನೋಡಿದ್ದೇ, ಸಾರ್ ಆರ್‌ಸಿಸಿಬಿ ಪೀಸೇ ಹೋಗಿದೆ, ಡೈರೆಕ್ಟ್ ಮಾಡಿ ಅಂದ್ರು, ಊರಲ್ಲಿ ಅವರು ಮಾಡೋದೂ ಅದನ್ನೇ, ಮನೆಯೋರು ಪದೇಪದೇ ಕರೆಂಟ್ ಹೋಗುತ್ತೆ ಅಂತ ಬೈತಾರೆ, ಇವರು ಬೈಪಾಸ್ ಮಾಡಿ ಬರ್ತಾರೆ. ಅಲ್ಲೇ ಎಲ್ಲರ ಮುಂದೆ ತಪ್ಪು ಅಂದಿದ್ರೆ ಮಾರನೇ ದಿನ ಬರ್ತಿರಲಿಲ್ಲ. ಸರಿ, ಎರಡನ್ನೂ ತೆಗೀರಿ ಅಂದೆ. ಎರಡರ ಜಾಗಕ್ಕೂ ಡಬಲ್ ಪೋಲ್ ಐಸೊಲೇಟರ್, ಅಂದ್ರೆ ತಾನಾಗಿ ಟ್ರಿಪ್ ಆಗದ ಬರೀ ಸ್ವಿಚ್ಚು ಹಾಕಿಸಿ, ಇಸ್ತ್ರಿಪೆಟ್ಟಿಗೆ ಆನ್ ಮಾಡಿಸಿ, ಮೊದಲನೇದರಿಂದ ಹೊರಡೋ ಫೇಸು ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಕ್ಲಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯೋದು) ಒಳಗೆ ಹಿಡೀರಿ ಅಂದೆ. ಹೋಗಿದ್ದಷ್ಟೂ ವಾಪಸ್ ಬಂದಿದ್ರೆ ಸೊನ್ನೆ ತೋರಿಸ್ಬೇಕು, ತೋರಿಸಿದ್ದು ನಾಲ್ಕು ಆಂಪಿಯರ್ ಚಿಲ್ಲರೆ. ಆರ್‌ಸಿಸಿಬಿ ಟ್ರಿಪ್ ಆಗೋಕೆ 30 ಮಿಲಿಆಂಪಿಯರ್ ವ್ಯತ್ಯಾಸ ಸಾಕು ಅಂತ ಮೇಲೇ ಬರೆದಿರುತ್ತೆ, ಅವರೇ ಓದಿದ್ರು. ಒಂದ್ ನಿಮಿಷ ಮಾತಿಲ್ಲ, ಆಮೇಲೆ ತಾವೇ ನ್ಯೂಟ್ರಲ್ ಲಿಂಕ್ ಹತ್ರ ಟೆಸ್ಟರ್ ತಗೊಂಡು ಹೋದ್ರು. ಓವರ್‌ಲೋಡು, ಶಾರ್ಟ್ ಆದ್ರೆ ಬೀಳೋ ಎಂಸಿಬಿ ಇದ್ರೂ ಶಾಕ್ ಹೊಡೆದಾಗ ಯಾಕೆ ಬೀಳಲ್ಲ ಅನ್ನೋ ಪ್ರಶ್ನೆ ಆಮೇಲೆ ಅವರಿಂದಾನೇ ಬಂತು, ಟೀ ಕುಡೀತಾ ಅದರದ್ದೇ ಮಾತು.

ಅದೇ ಬೋರ್ಡನ್ನ ಬೆಳಗ್ಗೆ ಹುಡುಗ್ರಿಗೆ ಹಂಗೇ ಕೊಟ್ರೆ ಕೆಲಸ ಆಗಲ್ಲ. ಮುಂದೆ ನಿಂತಿರೋ ಇಬ್ರು ಬಾಯಿಗೆ ಬಂದಂಗೆ ಗೆಸ್ ಹೊಡೀತಾರೆ, ಹಿಂದಿನೋರು ಬೆಲ್ ಕಾಯ್ತಾರೆ, ಭಯ ಅನ್ನೋದು ಬೇರೆ ಇರಲ್ಲ, ಎಲ್ಲಿ ಬೇಕಾದ್ರೂ ಬೆರಳು ಇಡ್ತಾರೆ. ಅವರಿಗೆ ಮೊದ್ಲು ಸರಿಯಾಗಿರೋ ಬೋರ್ಡನ್ನ ನಿಧಾನಕ್ಕೆ ಮಾಡಿ ತೋರಿಸ್ಬೇಕು, ಆಮೇಲೆ ಮೂರು ಮೂರು ಜನ, ಒಬ್ಬ ಮಾಡೋದು ಒಬ್ಬ ಸ್ಟೆಪ್ ಹೇಳೋದು ಒಬ್ಬ ಚೆಕ್ ಮಾಡೋದು. ಈ ವಯಸ್ಸಲ್ಲಿ ಡೌಟ್ ಕೇಳಲ್ಲ, ಪಕ್ಕದೋನು ನಗ್ತಾನೆ ಅನ್ನೋ ಚಿಂತೆ. ಅದಕ್ಕೆ ಹಾರ್ವರ್ಡಲ್ಲಿ ಫಿಸಿಕ್ಸ್ ಪಾಠ ಮಾಡೋ ಎರಿಕ್ ಮಜೂರ್ ಅವರ ಪದ್ಧತಿ ಹಿಡಿದಿದೀನಿ, ಪ್ರಶ್ನೆ ಹಾಕಿ ಎದೆ ಹತ್ರ ಬೆರಳು ಹಿಡಿದು ಉತ್ತರ ತೋರಿಸು ಅನ್ನೋದು, ಪಕ್ಕದೋನ ಜೊತೆ ಎರಡು ನಿಮಿಷ ವಾದ ಮಾಡು ಅನ್ನೋದು, ಮತ್ತೆ ಬೆರಳು. ಮೊದ್ಲು ಒಂದು ತೋರಿಸಿದೋನು ಆಮೇಲೆ ಎರಡು ತೋರಿಸಿದ್ರೆ ಯಾರಿಗೂ ಕಾಣಲ್ಲ ನೋಡಿ. ಸಂಜೆ ಬ್ಯಾಚಿಗೆ ಇದು ಒಗ್ಗಲ್ಲ, ಕಿರಿಯನ ಮಾತು ಕೇಳಿ ಬೆರಳು ಬದಲಾಯ್ಸೋಕೆ ಹಿರಿಯರು ತಯಾರಿಲ್ಲ.

ಇಲ್ಲೀವರೆಗೂ ವಯಸ್ಸಿನ ಲೆಕ್ಕಾನೇ ಸರಿ ಅನ್ಸುತ್ತೆ ಅಲ್ವಾ. ಆದ್ರೆ ನನ್ನ ಬೆಳಗ್ಗೆ ಬ್ಯಾಚಲ್ಲಿ ಒಬ್ಬ ಹುಡುಗ ಇದಾನೆ, ಅಪ್ಪಂದು ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿ. ಮೋಟರ್ ಪಾಠದಲ್ಲಿ ನಾನು ಸ್ಟೆಪ್ ಸ್ಟೆಪ್ಪಾಗಿ ತೋರಿಸ್ತಿದ್ರೆ ಅವನು ಆಕಳಿಸ್ತಾನೆ, ಸುಟ್ಟ ವೈಂಡಿಂಗ್ ಕೊಟ್ಟು ಯಾಕೆ ಸುಟ್ಟಿದೆ ಹೇಳು ಅಂದ್ರೆ ಮಾತ್ರ ಕಣ್ಣು ಬಿಡ್ತಾನೆ, ಒಂದು ಫೇಸಿನ ಕಾಯಿಲ್‌ಗಳು ಮಾತ್ರ ಸರಿ ಇದ್ದು ಉಳಿದಿದ್ದು ಕಪ್ಪಾಗಿದ್ರೆ ಸಿಂಗಲ್ ಫೇಸಿಂಗ್, ಅಂದ್ರೆ ಮೂರು ಫೇಸಲ್ಲಿ ಒಂದು ಹೋದ್ರೂ ಮೋಟರ್ ಓಡಿದೆ ಅಂತ ತಾನೇ ಹೇಳ್ತಾನೆ. ಇನ್ನು ಸಂಜೆ, ವೈರಿಂಗಲ್ಲಿ ಹುಲಿಗಳಾಗಿರೋ ಅವರೇ ಸಿಂಗಲ್ ಲೈನ್ ಡ್ರಾಯಿಂಗ್ (ಇಡೀ ವೈರಿಂಗನ್ನ ಒಂಟಿ ಗೆರೆ, ಗುರುತುಗಳಲ್ಲಿ ತೋರಿಸೋ ನಕ್ಷೆ) ಕೈಗೆ ಕೊಟ್ರೆ ಬೆವರ್ತಾರೆ. ಅಲ್ಲಿ ಸಮಸ್ಯೆ ಕೊಟ್ಟು ನೀವೇ ಹುಡುಕಿ ಅನ್ನೋದು ಹಿಂಸೆ, ಒಂದೊಂದೇ ಗುರುತು ತೋರಿಸಿ ಅದೇ ಗುರುತನ್ನ ಬೋರ್ಡಲ್ಲಿ ಮುಟ್ಟಿಸಿ ಮಾಡಿಸ್ಬೇಕು, ಅಪ್ಪಟ ಅಲೆನ್. ನೋಲ್ಸ್ ಕೂಡ 1970ರ ಪುಸ್ತಕದಲ್ಲಿ ಮಕ್ಕಳ ಪಾಠ, ದೊಡ್ಡೋರ ಪಾಠ ಎರಡನ್ನೂ ಎದುರುಬದುರು ನಿಲ್ಸಿದ್ರು, 1980ರಲ್ಲಿ ಅದನ್ನೇ ತಿದ್ದಿ ತಂದಾಗ ಗೋಡೆ ತೆಗೆದ್ರು, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗೋ ದಾರಿ ಅಂದ್ರು. ನಮ್ಮ ಕಡೆ ಟ್ರೈನಿಂಗ್ ಸ್ಲೈಡುಗಳಲ್ಲಿ ಇನ್ನೂ ಆ ಗೋಡೆ ಹಂಗೇ ಇದೆ. ನಾನು ಈಗ ವಯಸ್ಸು ನೋಡಲ್ಲ, ಈ ವಿಷಯಕ್ಕೆ ಇವನ ಕೈ ಎಷ್ಟು ಪಳಗಿದೆ ಅಂತ ನೋಡ್ತೀನಿ, ಪ್ರತಿ ಪಾಠಕ್ಕೂ ಬೇರೆ ಬೇರೆ.

ಸೋಲಾರ್ ಬಂದ್ಮೇಲೆ ಇನ್ನೂ ಒಂದು ತೊಡಕು. 2024ರಲ್ಲಿ ಮನೆ ಮೇಲೆ ಸೋಲಾರ್ ಹಾಕಿಸೋಕೆ ಸಬ್ಸಿಡಿ ಕೊಡೋ ಪಿಎಂ ಸೂರ್ಯಘರ್ ಯೋಜನೆ ಶುರುವಾದಾಗಿನಿಂದ ಎಲ್ಲರಿಗೂ ರೂಫ್‌ಟಾಪ್ ಕಲೀಬೇಕು. ಇದರಲ್ಲಿ ಹಳೇ ಅನುಭವಾನೇ ಅಡ್ಡ ಬರುತ್ತೆ, ಮೇನ್ ಆಫ್ ಮಾಡಿದ್ರೆ ಮುಗೀತು ಅನ್ನೋದು ಕೈಗೆ ಅಂಟಿರೋ ಅಭ್ಯಾಸ, ಆದ್ರೆ ಬಿಸಿಲು ಇರೋವರೆಗೂ ಪ್ಯಾನಲ್ ವೋಲ್ಟೇಜ್ ಕೊಡ್ತಾನೇ ಇರುತ್ತೆ. ಎಸಿ ಆದ್ರೆ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತೆ, ಕಿಡಿ ಆರೋಕೆ ಅವಕಾಶ ಇದೆ, ಡಿಸಿಲಿ ಲೋಡ್ ಮೇಲೆ ಕನೆಕ್ಟರ್ ಎಳೆದ್ರೆ ಆರ್ಕ್ ಹಿಡ್ಕೊಂಡು ಉರಿಯುತ್ತೆ. ಇಂಥದ್ದನ್ನ ತಪ್ಪು ಮಾಡಿ ಕಲೀರಿ ಅನ್ನೋಕೆ ಆಗುತ್ತಾ. ಅದಕ್ಕೆ ಈ ಸಲ ಬೆಳಗ್ಗೆ ಲೆಸನ್ ಪ್ಲಾನನ್ನೇ ಸಂಜೆಗೂ ತಗೊಂಡು ಹೋಗಿದೀನಿ, ನಾನು ಮಾಡೋದು, ಅವರು ಬಾಯಲ್ಲಿ ಹೇಳೋದು, ಆಮೇಲಷ್ಟೇ ಕೈ. ಒಂದಿಬ್ರು, ಏನ್ ಸಾರ್ ನಮ್ಮನ್ನ ಸ್ಕೂಲ್ ಹುಡುಗ್ರ ಥರ ಸಾಲಲ್ಲಿ ನಿಲ್ಲಿಸ್ತೀರಾ ಅಂತ ಗೊಣಗಿದ್ರು. ಗೊಣಗ್ಲಿ, ಪ್ಯಾನಲ್ ವೈರ್ ಸೇರಿಸೋ ಎಂಸಿ4 ಕನೆಕ್ಟರ್ ಮಾತ್ರ ನಾನು ಹೇಳೋವರೆಗೂ ಮುಟ್ಟಂಗಿಲ್ಲ.