‘ಇದು ಗ್ರಾಮಠಾಣದ ಸೈಟು’ ಅಂದ್ರೆ ನಂಬಬಹುದಾ?

ಆನೇಕಲ್, ಹೊಸಕೋಟೆ, ನೆಲಮಂಗಲ, ದೇವನಹಳ್ಳಿ ಕಡೆ ಮೂವತ್ತು-ನಲವತ್ತು ಮನೆಗಳ ಪಾಳ್ಯದಲ್ಲಿ ಜಾಗ ನೋಡಿಕೊಂಡು ಬಂದವರು ಕೇಳುವ ಪ್ರಶ್ನೆ ಒಂದೇ: “ಗ್ರಾಮಠಾಣದ ಸೈಟಂತೆ, ಕನ್ವರ್ಷನ್ ಬೇಕಿಲ್ಲವಂತೆ. ನಿಜಾನಾ?”

ಗ್ರಾಮಠಾಣಕ್ಕೆ ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ಮನೆ ಕಟ್ಟಲು ಬದಲಿಸಿಕೊಳ್ಳುವ ಅನುಮತಿ, ಬೇಡ ಅನ್ನೋದು ನಿಜ. ಆದರೆ ಆ ಪಾಳ್ಯಕ್ಕೆ ಗ್ರಾಮಠಾಣ ಅನ್ನೋದು ಇದೆಯಾ? ಅದನ್ನು ಮೊದಲು ನೋಡಬೇಕು. ಎಷ್ಟೋ ಪಾಳ್ಯ, ದೊಡ್ಡಿ, ಹಟ್ಟಿಗಳಿಗೆ ಇಲ್ಲವೇ ಇಲ್ಲ.

ಕಂದಾಯದವರ ಲೆಕ್ಕದಲ್ಲಿ ಗ್ರಾಮ ಅಂದರೆ ನಕಾಶೆಯಲ್ಲಿ ತನ್ನದೇ ಗಡಿ ಇರುವ ಗ್ರಾಮ. ಅದರೊಳಗಿನ ಜಮೀನಿಗೆಲ್ಲ ಸರ್ವೆ ನಂಬರ್ ಬಿದ್ದಿರುತ್ತದೆ. ಜನ ಮನೆ ಕಟ್ಟಿಕೊಂಡಿದ್ದ ಜಾಗಕ್ಕೆ ಮಾತ್ರ ಸರ್ವೆ ಮಾಡಿದವರು ನಂಬರ್ ಹಾಕದೆ, ಕಂದಾಯ ವಿಧಿಸದೆ ಬಿಟ್ಟರು. ಅದೇ ಗ್ರಾಮಠಾಣ. ಮುಖ್ಯ ಊರಿಂದ ಮೈಲಿ ದೂರ ಹೊಲ ಕಾಯಲಿಕ್ಕೆ, ಕುರಿ ರೊಪ್ಪ ಹಾಕಲಿಕ್ಕೆ ಹೋಗಿ ಅಲ್ಲೇ ನೆಲೆ ನಿಂತವರ ಮಜರೆಗೆ ಎಷ್ಟೋ ಕಡೆ ಈ ಲೆಕ್ಕ ಸಿಗಲಿಲ್ಲ. ಮೂರು ತಲೆಮಾರು ಅಲ್ಲೇ ಬಾಳಿದ್ದರೂ ಮನೆ ನಿಂತಿರುವುದು ಯಾರದೋ ಹಿಡುವಳಿ ನಂಬರಿನಲ್ಲೋ, ಗೋಮಾಳದಲ್ಲೋ, ಗುಂಡುತೋಪಿನಲ್ಲೋ. ಊರು ಹಳೆಯದು ಅನ್ನುವುದು ಬೇರೆ, ಗ್ರಾಮಠಾಣ ಅನ್ನುವುದು ಬೇರೆ. ಮೋಸ ನಡೆಯುವುದು ಇವೆರಡರ ನಡುವಿನ ಸಂದಿಯಲ್ಲಿ.

ಆದ್ದರಿಂದ ಪಂಚಾಯ್ತಿ ಕೊಡುವ ಆಸ್ತಿ ದಾಖಲೆಯಾದ ನಮೂನೆ 9 ಕೈಗೆ ತೆಗೆದುಕೊಳ್ಳುವ ಮುಂಚೆ ಗ್ರಾಮ ನಕಾಶೆ ತೆಗೆಯಿರಿ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಕಂದಾಯ ನಕ್ಷೆ ಬಿಟ್ಟಿಯಾಗಿ ಸಿಗುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಬೇಕು. ಪಟ್ಟಿಯಲ್ಲಿ ಪಾಳ್ಯದ ಹೆಸರು ಇಲ್ಲದಿದ್ದರೆ ಅದೇ ಮೊದಲ ಸುಳಿವು: ಅದು ಸ್ವಂತ ಕಂದಾಯ ಗ್ರಾಮವಲ್ಲ, ಅಕ್ಕಪಕ್ಕದ ಇನ್ನೊಂದು ಗ್ರಾಮದ ಮಜರೆ. ಯಾವ ಗ್ರಾಮ ಎಂದು ಪಾಳ್ಯದವರ ಪಹಣಿಯ ತಲೆಬರಹದಲ್ಲೇ ಗೊತ್ತಾಗುತ್ತದೆ. ಈ ನಕಾಶೆಗಳ ಅಳತೆ ಸಾಮಾನ್ಯವಾಗಿ 1:7920, ಅಂದರೆ 1 ಇಂಚಿಗೆ 660 ಅಡಿ. 30×40 ಸೈಟು ಇದರಲ್ಲಿ ಸೂಜಿ ಮೊನೆಯಷ್ಟು, ಹಾಗಾಗಿ ಇದರ ಮೇಲೆ ಸೈಟು ಹುಡುಕಬೇಡಿ. ಮನೆಗಳ ಗುರುತಿನ ಸುತ್ತ ನಂಬರ್ ಇಲ್ಲದ ಒಂದು ಆವರಣ ಇದೆಯಾ ನೋಡಿ. ಇದ್ದರೆ ಅದು ಗ್ರಾಮಠಾಣ. ಸರ್ವೆ ನಂಬರಿನ ಗೆರೆಯೊಳಗೇ ನಾಲ್ಕು ಮನೆ ಗುರುತು ಹಾಕಿದ್ದರೆ ಅಲ್ಲ.

ಆಮೇಲೆ ಜಾಗದ ನಡುವೆ ನಿಂತು, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ. ಗೆರೆ ಆಚೀಚೆ ಹೋಗುವುದುಂಟು, ಅದರಲ್ಲೂ ಅಂಚಿನ ಜಾಗದಲ್ಲಿ ಅದನ್ನೇ ನೆಚ್ಚುವ ಹಾಗಿಲ್ಲ. ಆದರೂ ಯಾವ ಸರ್ವೆ ನಂಬರಿನ ಮಗ್ಗುಲಲ್ಲಿ ನಿಂತಿದ್ದೀರಿ ಎಂದು ತಿಳಿಯಲು ಸಾಕು. ನಂಬರ್ ಸಿಕ್ಕಿದರೆ ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಅದರ ಪಹಣಿ ನೋಡಿ. 3ನೇ ಕಾಲಂನಲ್ಲಿ ವಿಸ್ತೀರ್ಣ ಮತ್ತು ಖರಾಬು (ಸಾಗುವಳಿಗೆ ಬಾರದ ಜಾಗ), 9ರಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅವರಿಗೆ ಅದು ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು. ಗ್ರಾಮಠಾಣಕ್ಕೆ ಪಹಣಿ ಇರುವುದಿಲ್ಲ. ಸೈಟುಗಳು ನಿಂತಿರುವ ಅದೇ ನೆಲ ಪಹಣಿಯಲ್ಲಿ ಇನ್ನೂ ‘2 ಎಕರೆ 10 ಗುಂಟೆ’ ಎಂದು ಒಬ್ಬ ರೈತರ ಹೆಸರಲ್ಲಿ ಕೂತಿದ್ದರೆ, ಮಾರುವವರು ಏನೇ ಹೇಳಲಿ, ಅದು ಕೃಷಿ ಜಮೀನೇ. ‘ಬ’ ಖರಾಬು ಎಂದಿದ್ದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ, ಮಾರುವ ಮಾತೇ ಇಲ್ಲ. 10ನೇ ಕಾಲಂನಲ್ಲಿ ಮಂಜೂರಾತಿಯ ಸುಳಿವಿದ್ದರೆ ಯಾರಿಗೆ ಮಂಜೂರಾಯಿತು ಎಂದು ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವುದನ್ನು 1978ರ ಪಿಟಿಸಿಎಲ್ ಕಾಯ್ದೆ ತಡೆಯುತ್ತದೆ. ಅದು ಬಡವರ ನೆಲ ಉಳಿಸಲು ಬಂದ ಕಾಯ್ದೆ. ಅಂಥ ನೆಲಕ್ಕೆ ಕೈ ಹಾಕದಿರುವುದೇ ಸರಿ.

ಹಿತ್ತಿಲಿನ ವಿಚಾರವನ್ನು ಬಿಡಿಸಿಯೇ ಹೇಳಬೇಕು, ಯಾಕೆಂದರೆ ಗ್ರಾಮಠಾಣ ನಿಜವಾಗಿ ಇರುವ ಊರಲ್ಲೂ ಜನ ಎಡವುವುದು ಇಲ್ಲೇ. ಹಳೆಯ ಮನೆ ಠಾಣದ ಒಳಗಿರುತ್ತದೆ. ಅದರ ಹಿಂದಿನ ಹಿತ್ತಿಲು, ಬಣವೆ ಒಟ್ಟುವ ಜಾಗ, ಕಣ, ತಿಪ್ಪೆಗುಂಡಿ ಕಾಲಕಾಲಕ್ಕೆ ಹೊರಕ್ಕೆ ಹಬ್ಬಿ ಪಕ್ಕದ ಸರ್ವೆ ನಂಬರಿಗೆ ಹೋಗಿರುತ್ತವೆ. ಪಂಚಾಯ್ತಿಯ ಹಳೇ ಪುಸ್ತಕದಲ್ಲಿ ಇದೆಲ್ಲ ಸೇರಿ ಒಂದೇ ಮನೆ ನಂಬರ್. ಮನೆ ಉಳಿಸಿಕೊಂಡು ಹಿತ್ತಿಲು ಮಾರುವಾಗ ಅದೇ ಮನೆಯ ಖಾತೆ ತೋರಿಸುತ್ತಾರೆ. ಅಳೆದರೆ ಅರ್ಧ ಸೈಟು ಒಳಗೆ, ಅರ್ಧ ಹೊರಗೆ. ಇದು ನಿವಾರಣೆ ಆಗಬೇಕಾದರೆ ಸರ್ಕಾರಿ ಭೂಮಾಪಕರು ಗ್ರಾಮಠಾಣದ ಗಡಿ ಹಿಡಿದು ನಕ್ಷೆ ಮಾಡಿಕೊಡಬೇಕು. ಖಾಸಗಿಯವರು ಟೇಪು ಹಿಡಿದು ಬರೆದುಕೊಟ್ಟ ಸ್ಕೆಚ್ಚು ಇದಕ್ಕೆ ಆಗದು.

ಇಷ್ಟಾದ ಮೇಲೆ ನಮೂನೆ 9 ಮತ್ತು 11ಎ. ಇವನ್ನು ಕಂಪ್ಯೂಟರಿನಲ್ಲೇ ಕೊಡುವ ಇ-ಸ್ವತ್ತು ವ್ಯವಸ್ಥೆ 2013ರಿಂದ ಬಂದಿದೆ. ಕೈಬರಹದ ಖಾತೆ ನಕಲು ತೋರಿಸಿ ಮುಗಿಸಲು ನೋಡಿದರೆ ಒಪ್ಪಬೇಡಿ. ನಮೂನೆ 9ರಲ್ಲಿ ಬರೆದ ಚಕ್ಕುಬಂದಿಯನ್ನು ಜಾಗದಲ್ಲೇ ನಿಂತು ನಾಲ್ಕೂ ದಿಕ್ಕಿಗೆ ಹೊಂದಿಸಿ, ಅಳತೆಯನ್ನು ಗುಂಟೆಗೂ ತಾಳೆ ನೋಡಿ. 1 ಗುಂಟೆಗೆ 1,089 ಚದರಡಿ, 30×40 ಸೈಟಿಗೆ 1,200. 11ಎ ಬದಲು 11ಬಿ ಕೊಟ್ಟಿದ್ದರೆ ಆ ಆಸ್ತಿಯನ್ನು ಗ್ರಾಮಠಾಣವೆಂದು ಪಂಚಾಯ್ತಿಯೇ ಒಪ್ಪಿಲ್ಲ ಎಂದರ್ಥ. ದಿನಾಂಕವನ್ನೂ ನೋಡಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ 110 ಹಳ್ಳಿಗಳು ಅದರೊಳಗೆ ಸೇರಿದವು. ಹಾಗೆ ಸೇರಿದ ಹಳ್ಳಿಯ ಪಂಚಾಯ್ತಿ ಹೆಸರಲ್ಲಿ ಆಮೇಲಿನ ತಾರೀಖಿನ ಖಾತೆ ಇದ್ದರೆ ಅದಕ್ಕೆ ಬೆಲೆಯಿಲ್ಲ.

ಜಾಗದ ಮೇಲೆ ರಿಜಿಸ್ಟರ್ ಆದ ವ್ಯವಹಾರ ತೋರಿಸುವ ಋಣಭಾರ ಪತ್ರ (ಇ.ಸಿ.) ‘ನಿಲ್’ ಬಂತು ಎಂದು ನಿರಾಳ ಆಗುವವರಿದ್ದಾರೆ. ಠಾಣದ ಮನೆಗಳು ಕ್ರಯಪತ್ರದಿಂದ ಬಂದವಲ್ಲ, ಪಾಲಿನಿಂದ ಬಂದವು. ಪಾಲು ಆದದ್ದು ಎಷ್ಟೋ ಸಲ ಊರ ಹಿರಿಯರ ಮುಂದೆ, ರಿಜಿಸ್ಟ್ರಿ ಇಲ್ಲದೆ. ಅದು ಋಣಭಾರ ಪತ್ರದಲ್ಲಿ ಬರುವುದೇ ಇಲ್ಲ. ವಂಶವೃಕ್ಷ ತರಿಸಿ, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಸಹಿಯನ್ನೂ ಪಡೆಯಿರಿ. ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. “ಅವಳಿಗೆ ಅರಿಶಿನ ಕುಂಕುಮಕ್ಕೆ ಕೊಟ್ಟಾಗಿದೆ” ಎಂಬ ಮಾತು ಕೋರ್ಟಿನಲ್ಲಿ ನಿಲ್ಲದು, ನ್ಯಾಯವೂ ಅಲ್ಲ.

ಇನ್ನು ಪಾಳ್ಯದಲ್ಲೇ ಹುಟ್ಟಿ ಬೆಳೆದವರು ಕೇಳುತ್ತಾರೆ, “ಹಾಗಾದ್ರೆ ನಮ್ಮ ಮನೆಗೆ ಗತಿ ಏನು?” ಸೈಟು ಕೊಳ್ಳುವವರಿಗಿಂತ ಈ ಪ್ರಶ್ನೆ ಅವರಿಗೆ ದೊಡ್ಡದು. ಸಿಟಿ ಹತ್ತಿರ ಬಂದಷ್ಟೂ ಮನೆ ಕೆಳಗಿನ ನೆಲದ ಬೆಲೆ ಏರುತ್ತದೆ, ಪಹಣಿಯಲ್ಲಿ ಹೆಸರಿರುವ ಹಳೇ ಜಮೀನ್ದಾರರ ಮೊಮ್ಮಕ್ಕಳು ಅದನ್ನು ಹುಡುಕಿಕೊಂಡು ಬರುತ್ತಾರೆ. ತಾಂಡಾ, ಹಟ್ಟಿ, ದೊಡ್ಡಿ, ಪಾಳ್ಯ, ಹಾಡಿ, ಕ್ಯಾಂಪುಗಳಂಥ ದಾಖಲೆಯಿಲ್ಲದ ವಸತಿಗಳಿಗೆಂದೇ ಕಾನೂನಿನಲ್ಲಿ ದಾರಿ ಇದೆ. ಸರ್ಕಾರಿ ನೆಲದಲ್ಲಿದ್ದರೆ ಭೂಕಂದಾಯ ಕಾಯ್ದೆಯ 94ಡಿ, ಖಾಸಗಿ ನೆಲದಲ್ಲಿದ್ದರೆ ಭೂಸುಧಾರಣಾ ಕಾಯ್ದೆಯ 38ಎ. ತಹಶೀಲ್ದಾರ್ ಕಚೇರಿಗೆ ಒಬ್ಬೊಬ್ಬರೇ ಅಲೆಯುವ ಬದಲು ಪಾಳ್ಯದ ಅಷ್ಟೂ ಮನೆಯವರು ಒಟ್ಟಿಗೆ ಹೋಗಬೇಕು. ಹಳೇ ಕರೆಂಟ್ ಬಿಲ್ಲು, ಮನೆ ಕಂದಾಯದ ರಸೀದಿ, ಪಡಿತರ ಚೀಟಿ, ಮತದಾರರ ಪಟ್ಟಿಯ ಪುಟ, ಯಾವುದನ್ನೂ ಎಸೆಯಬೇಡಿ.

ಠಾಣದೊಳಗೆ ಮನೆ ಇರುವವರಿಗೆ 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಅಳೆದು ಆಸ್ತಿ ಕಾರ್ಡು ಕೊಡುತ್ತಾರೆ. ಡ್ರೋನ್ ಬರುವ ಮುಂಚೆ ಒಂದೊಂದು ಮನೆಯ ಸುತ್ತ ಸುಣ್ಣದ ಗೆರೆ ಎಳೆಯುತ್ತಾರೆ. ಮೇಲಿಂದ ಚಿತ್ರದಲ್ಲಿ ಬೀಳುವುದು ಆ ಗೆರೆಯೇ. ಆ ದಿನ ಕೂಲಿ ಬಿಟ್ಟಾದರೂ ಮನೆಯವರೊಬ್ಬರು ಅಲ್ಲಿರಬೇಕು. ಅಕ್ಕಪಕ್ಕದವರನ್ನೂ ನಿಲ್ಲಿಸಿಕೊಂಡು ಗೋಡೆಯಿಂದ ಎಷ್ಟು ಅಡಿ, ಬಚ್ಚಲ ನೀರು ಹೋಗುವ ಓಣಿ ಯಾರದು ಎಂದು ಅಲ್ಲೇ ತೀರ್ಮಾನ ಮಾಡಿಸಿ. ಕರಡು ನಕ್ಷೆ ಬಂದಾಗ ತಪ್ಪು ಕಂಡರೆ ತಕರಾರನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.