ಚಾಥಮ್‌ನಲ್ಲಿರೋ ಕ್ಯಾವಲಿಯರ್ ಹಡಗು ನೋಡೋಕೆ ಹೋಗೋರು ಸ್ವಲ್ಪ ಓದ್ಕೊಂಡು ಹೋಗಿ

ಲಂಡನ್‌ಗೆ ಬಂದವ್ರು ಯುದ್ಧನೌಕೆ ನೋಡ್ಬೇಕು ಅಂದ್ರೆ ಥೇಮ್ಸ್ ನದೀಲಿ ನಿಂತಿರೋ ಬೆಲ್‌ಫಾಸ್ಟ್ ಹತ್ತಿ ಇಳಿದು ಫೋಟೋ ಹೊಡ್ಕೊಂಡು ಬರ್ತಾರೆ. ಅದು ಕ್ರೂಸರ್, ದೊಡ್ಡ ಹಡಗು, ಚೆನ್ನಾಗೇ ಇದೆ. ಆದ್ರೆ ಎರಡನೇ ಮಹಾಯುದ್ಧದ ಡೆಸ್ಟ್ರಾಯರ್, ಅಂದ್ರೆ ಕ್ರೂಸರ್‌ಗಿಂತ ಚಿಕ್ಕ, ಜೋರಾಗಿ ಓಡೋ ಯುದ್ಧನೌಕೆ, ಹೇಗಿರ್ತಿತ್ತು ಅಂತ ಒಳಗೆ ಹೊಕ್ಕು ನೋಡ್ಬೇಕಾದ್ರೆ ಬ್ರಿಟನ್‌ನಲ್ಲಿ ಉಳ್ಕೊಂಡಿರೋದು ಒಂದೇ ಒಂದು, ಎಚ್‌ಎಂಎಸ್ ಕ್ಯಾವಲಿಯರ್. ಅದು ಕೆಂಟ್‌ನ ಚಾಥಮ್‌ನಲ್ಲಿ ಹಳೇ ನೇವಿ ಡಾಕ್‌ಯಾರ್ಡ್ ಒಳಗಿದೆ. ಅಪ್ಪ ಅಮ್ಮ ಬಂದಿದ್ರು, ಅಪ್ಪಂಗೆ ಹಡಗು ಅಂದ್ರೆ ಹುಚ್ಚು, ಸರಿ ಅಂತ ಒಂದು ಶನಿವಾರ ಮೂರೂ ಜನ ಹೊರಟ್ವಿ.

ಮೊದ್ಲು ಹೋಗೋ ದಾರಿ ಹೇಳ್ಬಿಡ್ತೀನಿ. ಸೇಂಟ್ ಪ್ಯಾಂಕ್ರಾಸ್‌ನಿಂದ ಹೈಸ್ಪೀಡ್ ಟ್ರೇನ್ ಹತ್ತಿದ್ರೆ ಮುಕ್ಕಾಲು ಗಂಟೆ ಒಳಗೆ ಚಾಥಮ್, ವಿಕ್ಟೋರಿಯಾದಿಂದಾನೂ ಟ್ರೇನ್ ಇದೆ ಆದ್ರೆ ನಿಧಾನ. ಸ್ಟೇಷನ್‌ನಿಂದ ಡಾಕ್‌ಯಾರ್ಡ್‌ಗೆ ನಡ್ಕೊಂಡು ಹೋದ್ರೆ ಅರ್ಧ ಗಂಟೆ. ಫ್ರೆಂಡ್ ಒಬ್ಬ "ಏ ಇಲ್ಲೇ ಕಣೋ, ನಡ್ಕೊಂಡೇ ಹೋಗ್ಬಹುದು" ಅಂದಿದ್ದ, ಅವನ ಮಾತು ನಂಬಿ ವಯಸ್ಸಾದವ್ರನ್ನ ಜಿಟಿಜಿಟಿ ಮಳೇಲಿ ನಡೆಸ್ಕೊಂಡು ಹೋಗಿ ಅಮ್ಮನ ಹತ್ರ ಚೆನ್ನಾಗಿ ಬೈಸ್ಕೊಂಡೆ. ಬಸ್ಸೋ ಟ್ಯಾಕ್ಸಿನೋ ಹಿಡೀರಿ, ಕಾಲಿನ ಶಕ್ತಿ ಒಳಗೆ ಬೇಕಾಗತ್ತೆ. ಟಿಕೆಟ್ ಅಗ್ಗ ಏನಲ್ಲ, ಆದ್ರೆ ಒಂದ್ಸಲ ತಗೊಂಡ್ರೆ ಒಂದು ವರ್ಷ ಎಷ್ಟು ಸಲ ಬೇಕಾದ್ರೂ ಹೋಗ್ಬಹುದು. ಚಳಿಗಾಲದಲ್ಲಿ ಸ್ವಲ್ಪ ದಿನ ಬಾಗಿಲು ಹಾಕಿರ್ತಾರೆ, ವೆಬ್‌ಸೈಟ್ ನೋಡ್ಕೊಂಡೇ ಹೊರಡಿ.

ಇನ್ನೊಂದು ಮುಖ್ಯ ವಿಷ್ಯ ಬಟ್ಟೆ. ಡೆಸ್ಟ್ರಾಯರ್ ಒಳಗೆ ಮೆಟ್ಟಿಲು ಅಂತ ಕರೆಯೋದೆಲ್ಲ ನಿಜಕ್ಕೂ ಕಬ್ಬಿಣದ ಏಣಿ, ಇಳಿಯೋವಾಗ ಹಿಂದುಮುಂದಾಗಿ ತಿರುಗಿ ಎರಡೂ ಕೈಯಲ್ಲಿ ಹಿಡ್ಕೊಂಡು ಇಳೀಬೇಕು. ಅಮ್ಮ ಸೀರೆ ಉಟ್ಕೊಂಡು ಬಂದಿದ್ರು, ಹೇಳಿದ್ರೆ ಕೇಳ್ಳಿಲ್ಲ. ಮೊದಲನೇ ಏಣಿ ಹತ್ರಾನೇ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸ್ಕೊಂಡು ಎರಡು ಮೆಟ್ಲು ಇಳಿದ್ರು, ಕೆಳಗೆ ನೋಡಿದ್ರು, "ನೀವು ಹೋಗ್ಬನ್ನಿ, ನಾನು ಮೇಲೆ ಗಾಳೀಲಿ ಕೂತಿರ್ತೀನಿ" ಅಂದ್ಬಿಟ್ರು. ಮಂಡಿ ನೋವು ಇರೋರು, ಎತ್ತಿಕೊಳ್ಳೋ ಮಗು ಇರೋರು ಇದನ್ನ ಲೆಕ್ಕಕ್ಕೆ ಇಟ್ಕೊಳ್ಳಿ. ತಲೇನೂ ಜೋಪಾನ, ಬಾಗಿಲು ಎಲ್ಲಾ ಗಿಡ್ಡ, ನಂಗೆ ಎರಡು ಸಲ ಬಿತ್ತು.

ಹಡಗು ಹತ್ತೋಕೆ ಮುಂಚೆ ಒಂದು ಹತ್ತು ನಿಮಿಷ ಕೆಳಗೇ ನಿಂತು ಅದರ ಮೈ ನೋಡಿ, ಇದನ್ನ ಯಾರೂ ಮಾಡಲ್ಲ. ನಿಂತಿರೋದು 2ನೇ ನಂಬರ್ ಡ್ರೈ ಡಾಕ್‌ನಲ್ಲಿ (ನೀರು ಖಾಲಿ ಮಾಡಿ ಹಡಗು ನಿಲ್ಲಿಸೋ ಕಟ್ಟೆ), ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್‌ನ ವಿಕ್ಟರಿ ಹಡಗು ಕಟ್ಟಿದ್ದೂ ಇದೇ ಜಾಗದಲ್ಲೇ. ಕ್ಯಾವಲಿಯರ್ ಉದ್ದ 110 ಮೀಟರ್, ಅಗಲ ನೋಡಿದ್ರೆ ಏನೂ ಇಲ್ಲ, ಚಾಕು ಥರ. ಮೂತಿ ಕಡೆ ಮತ್ತೆ ಹಿಂಭಾಗ ವೆಲ್ಡಿಂಗ್, ನಡುಮಧ್ಯೆ ಮಾತ್ರ ರಿವೆಟ್ ಹೊಡೆದು ಜೋಡಿಸಿದ್ದಾರೆ. ಆಗ ವೆಲ್ಡಿಂಗ್ ಇನ್ನೂ ಹೊಸದು, ಜಾಸ್ತಿ ಒತ್ತಡ ಬೀಳೋ ನಡುಭಾಗಕ್ಕೆ ನಂಬಿಕೆ ಸಾಲ್ದೆ ಹಳೇ ಪದ್ಧತಿನೇ ಇಟ್ಕೊಂಡ್ರು. ರಿವೆಟ್ ತಲೆಗಳು ನೀರಿಗೆ ತಡೆ, ಅದು ಕಮ್ಮಿಯಾದಷ್ಟೂ ಓಟ ಜಾಸ್ತಿ. ಸಾಲುಸಾಲಾಗಿ ಗುಬಟುಗಳು ಬಂದು ಒಂದು ಕಡೆ ನಿಂತು ಮುಂದೆ ನುಣುಪಾಗೋದನ್ನ ಅಪ್ಪ ಬೆರಳು ಮಾಡಿ ತೋರಿಸಿದ್ರು, ಅವ್ರು ಹೇಳದೆ ಇದ್ದಿದ್ರೆ ನಾನು ಗಮನಿಸ್ತಾನೇ ಇರ್ಲಿಲ್ಲ.

ಈಗ ಚರಿತ್ರೆ. ವೈಟ್ ದ್ವೀಪದ ಕೌಸ್‌ನಲ್ಲಿ ಕಟ್ಟಿದ್ದು, ನೀರಿಗೆ ಬಿಟ್ಟಿದ್ದು ಏಪ್ರಿಲ್ 1944, ನೇವಿಗೆ ಸೇರಿದ್ದು ಅದೇ ನವೆಂಬರ್‌ನಲ್ಲಿ, ಅಂದ್ರೆ ಯುದ್ಧ ಮುಗಿಯೋ ಹೊತ್ತಿಗೆ ಬಂದ ಹುಡುಗ. ಆದ್ರೂ 1945ರ ಫೆಬ್ರವರೀಲಿ ರಷ್ಯಾದಿಂದ ವಾಪಸ್ ಬರ್ತಿದ್ದ ಆರ್‌ಎ 64 ಅನ್ನೋ ಕಾನ್ವಾಯ್ (ಕಾವಲಿನ ಜೊತೆ ಗುಂಪಾಗಿ ಹೋಗೋ ಸರಕು ಹಡಗುಗಳು) ಬಿರುಗಾಳಿಗೆ ಚದುರಿಹೋಗಿ, ಸಬ್‌ಮರೀನ್ ವಿಮಾನ ಎರಡರ ಕಾಟಕ್ಕೂ ಸಿಕ್ಕಾಗ ಕಾವಲಿಗೆ ಹೋದ ಹಡಗುಗಳಲ್ಲಿ ಇದೂ ಒಂದು, ಅದಕ್ಕೇ ಇದಕ್ಕೆ ಆರ್ಕ್ಟಿಕ್ ಅನ್ನೋ ಯುದ್ಧಗೌರವ (ಬ್ಯಾಟಲ್ ಆನರ್) ಸಿಕ್ಕಿದ್ದು. ಮೆಸ್ ಡೆಕ್‌ನಲ್ಲಿ ನಿಂತಾಗ ಅದನ್ನ ನೆನೆಸ್ಕೊಳ್ಳಿ, ಉಣ್ಣೋದು ಮಲಗೋದು ಎಲ್ಲಾ ಅದೇ ರೂಮ್‌ನಲ್ಲಿ, ಹೊರಗೆ ಡೆಕ್ ಮೇಲೆ ಮಂಜುಗಡ್ಡೆ.

ಹಡಗಿನ ಮೇಲೆ ವಯಸ್ಸಾದ ವಾಲಂಟಿಯರ್ ಒಬ್ರು ಸಿಕ್ಕಿದ್ರು, ಅವ್ರಿಗೆ ತುಂಬಾ ಇಷ್ಟವಾದ ಕಥೆ 1971ರ ರೇಸ್. ಅಷ್ಟು ಹೊತ್ತಿಗೆ ಕ್ಯಾವಲಿಯರ್ ಮುದಿ ಹಡಗು. ನೇವೀಲಿ ಯಾರು ಫಾಸ್ಟು ಅಂತ ರಾಪಿಡ್ ಅನ್ನೋ ಇನ್ನೊಂದು ಹಡಗಿನ ಜೊತೆ ಜಗಳ ಬಂದು 64 ಮೈಲಿ ಓಡಿಸಿಯೇ ಬಿಟ್ರು, ಎರಡು ಗಂಟೆ ಓಟ, ಕೊನೇಲಿ ರಾಪಿಡ್‌ನ ಬಾಯ್ಲರ್ ಸೇಫ್ಟಿ ವಾಲ್ವ್ ಎದ್ದು ಸ್ಟೀಮ್ ಹೋಗಿ, ಕ್ಯಾವಲಿಯರ್ 30 ಗಜದಲ್ಲಿ ಗೆದ್ದಿತು, ಸರಾಸರಿ ವೇಗ 31.8 ನಾಟ್, ಅಂದ್ರೆ ಗಂಟೆಗೆ ಅಷ್ಟು ಸಮುದ್ರ ಮೈಲಿ. ಕಥೆ ಹೇಳ್ತಾ ಅವ್ರು ಕೈಯಲ್ಲೇ ಎರಡು ಹಡಗು ಮಾಡಿ ಒಂದನ್ನ ಇನ್ನೊಂದಕ್ಕಿಂತ ಬೆರಳುದ್ದ ಮುಂದೆ ಇಟ್ಟು ತೋರಿಸಿದ್ರು.

ಅಪ್ಪ ಪೂರ್ತಿ ಕೇಳಿಸ್ಕೊಂಡ್ರು, ನಕ್ರು, ಆಮೇಲೆ "1946ರಲ್ಲಿ ಇದು ಎಲ್ಲಿತ್ತು ಕೇಳು" ಅಂದ್ರು. ಕೇಳಿದೆ. ಆ ತಾತ ಒಂದು ಕ್ಷಣ ನನ್ನ ಮುಖ ನೋಡಿದ್ರು, ಅಪ್ಪನ ಮುಖ ನೋಡಿದ್ರು, "ಈಸ್ಟ್ ಇಂಡೀಸ್‌ನಲ್ಲಿ. ಬಾಂಬೆಗೂ ಹೋಗಿತ್ತು" ಅಂದ್ರು. ಮುಚ್ಚಿಡಲಿಲ್ಲ, ಅದು ನಂಗೆ ಹಿಡಿಸ್ತು.

ನಾನು ಓದ್ಕೊಂಡು ಹೋಗಿ ಅಂತಿರೋದು ಇದಕ್ಕೇ. 1945ರ ನವೆಂಬರ್‌ನಲ್ಲಿ ಇಂಡೋನೇಷ್ಯಾದ ಸುರಬಾಯಾ ಊರಿನ ಮೇಲೆ ಗುಂಡು ಹಾರಿಸಿದ ಹಡಗುಗಳಲ್ಲಿ ಕ್ಯಾವಲಿಯರ್ ಕೂಡ ಇತ್ತು, ಅಲ್ಲಿ ನೆಲದ ಮೇಲೆ ಕಾದಾಡ್ತಿದ್ದ ಬ್ರಿಟಿಷ್ ಕಡೆಯವ್ರಲ್ಲಿ ಹೆಚ್ಚಿನವ್ರು ಭಾರತದ ಸಿಪಾಯಿಗಳು. ಮೂರು ತಿಂಗಳಾಗೋಷ್ಟರಲ್ಲಿ, 1946ರ ಫೆಬ್ರವರಿ 18ಕ್ಕೆ ಬಾಂಬೆಯ ತಲ್ವಾರ್ ತರಬೇತಿ ಕೇಂದ್ರದಲ್ಲಿ ನಮ್ಮ ನಾವಿಕರು ಕೆಟ್ಟ ಊಟ, ಕೆಟ್ಟ ಬೈಗುಳ ಸಾಕಾಗಿ ಕೆಲ್ಸ ನಿಲ್ಲಿಸಿದ್ರು, ಅದು ಹಡಗಿಂದ ಹಡಗಿಗೆ ಹಬ್ಬಿ ಒಟ್ಟು 20,000ದಷ್ಟು ನಾವಿಕರು ಸೇರ್ಕೊಂಡ್ರು. ಆ ದಂಗೆ ಆದಾಗ ಬಾಂಬೆಗೆ ಕಳಿಸಿದ ಹಡಗುಗಳಲ್ಲಿ ಇದೂ ಒಂದು. ಪಟೇಲರು ಮಧ್ಯೆ ಬಂದು ಹೇಳಿದ್ಮೇಲೆ 23ಕ್ಕೆ ನಾವಿಕರು ಶರಣಾದ್ರು. ಇದು ಗೊತ್ತಿದ್ದು ಮುಂದುಗಡೆ ಗನ್ ಪಕ್ಕ ನಿಂತ್ರೆ ಬೇರೆ ಥರ ಅನ್ಸತ್ತೆ, ಗೊತ್ತಿಲ್ದೆ ನಿಂತ್ರೆ ಸೆಲ್ಫಿ ಅಷ್ಟೇ.

ಆಮೇಲಿನದು ಬೇಗ ಹೇಳ್ತೀನಿ. ಸುಮಾರು ವರ್ಷ ಸುಮ್ನೆ ಮೂಲೇಲಿ ನಿಂತಿತ್ತು, ರಿಪೇರಿ ಮಾಡಿ ಹೊಸ ಉಪಕರಣ ಹಾಕಿ 1957ರಲ್ಲಿ ಮತ್ತೆ ಪೂರ್ವಕ್ಕೆ ಕಳಿಸಿದ್ರು, 1962ರಲ್ಲಿ ಬ್ರೂನೈ ದಂಗೆಗೆ ಸೈನಿಕರನ್ನ ಹೊತ್ಕೊಂಡು ಹೋಯ್ತು, ಆಮೇಲೆ ಸೀಕ್ಯಾಟ್ ಕ್ಷಿಪಣಿ ಕೂರಿಸಿದ್ರು, 1972ರಲ್ಲಿ ಕೆಲ್ಸದಿಂದ ಬಿಡುಗಡೆ. 1977ರಲ್ಲಿ ಒಂದು ಟ್ರಸ್ಟ್ 65,000 ಪೌಂಡ್ ಕೊಟ್ಟು ಕೊಂಡುಕೊಂಡ್ತು. ಸೌತಾಂಪ್ಟನ್‌ನಲ್ಲಿ ನಿಂತ್ತು, ಬ್ರೈಟನ್‌ನಲ್ಲಿ ನಿಂತ್ತು, ಎಲ್ಲೂ ದುಡ್ಡು ಹುಟ್ಟಲಿಲ್ಲ. ಟೈನ್ ನದಿ ದಂಡೇಲಿ ಮ್ಯೂಸಿಯಂ ಮಾಡ್ತೀವಿ ಅಂತ ಕರ್ಕೊಂಡು ಹೋಗಿ ಅದೂ ಆಗ್ದೆ ತುಕ್ಕು ಹಿಡೀತು. 1998ರಲ್ಲಿ ಚಾಥಮ್‌ಗೆ ಬಂದ್ಮೇಲೇ ಉಳೀತು. ಪಕ್ಕದಲ್ಲೇ 2007ರಲ್ಲಿ ಮಾಡಿದ ಸ್ಮಾರಕ ಇದೆ, ಎರಡನೇ ಮಹಾಯುದ್ಧದಲ್ಲಿ ಮುಳುಗಿದ 142 ಬ್ರಿಟಿಷ್ ಡೆಸ್ಟ್ರಾಯರ್‌ಗಳು, ಸತ್ತ 11,000ಕ್ಕೂ ಹೆಚ್ಚು ಜನರ ನೆನಪಿಗೆ. ಅದನ್ನ ಬಿಟ್ಟು ಬರ್ಬೇಡಿ.

ಅದೇ ಟಿಕೆಟ್‌ನಲ್ಲಿ ಆಸಿಲಾಟ್ ಸಬ್‌ಮರೀನ್ ಇದೆ, ಅದಕ್ಕೆ ಹೊತ್ತು ಗೊತ್ತುಮಾಡ್ತಾರೆ, ಬಂದ ತಕ್ಷಣ ಮೊದ್ಲು ಅದನ್ನ ಬುಕ್ ಮಾಡಿ. ನಾವು ಮಾಡ್ಲಿಲ್ಲ, ಸಿಗಲಿಲ್ಲ. ಹಗ್ಗ ಹೊಸೆಯೋ ಕಟ್ಟಡ ಕಾಲು ಮೈಲಿ ಹತ್ರ ಉದ್ದ ಇದೆ, ಅಮ್ಮಂಗೆ ಇಡೀ ದಿನದಲ್ಲಿ ಇಷ್ಟವಾಗಿದ್ದು ಅದೊಂದೇ, ಏಣಿ ಇಲ್ವಲ್ಲ.

ವಾಪಸ್ ಟ್ರೇನ್‌ನಲ್ಲಿ ಅಪ್ಪ ಸುಮಾರು ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಆ ಮನುಷ್ಯ ಪಾಪ ರೇಸ್ ಕಥೆ ಎಷ್ಟು ಖುಷಿಯಾಗಿ ಹೇಳ್ತಿದ್ದ, ನಾನು ಮಧ್ಯೆ ಬಾಯಿ ಹಾಕ್ಬಾರ್ದಿತ್ತು ಅನ್ಸತ್ತೆ" ಅಂದ್ರು. ಅಮ್ಮ ಸೀರೆ ಅಂಚಿಗೆ ಹತ್ತಿದ್ದ ಗ್ರೀಸ್ ಉಜ್ತಾ "ಕೇಳಿದ್ದು ಸರಿನೇ ಬಿಡಿ" ಅಂದ್ರು.